ಹಳೆಯ ಗಣಕಯಂತ್ರವನ್ನು ಬೇಗನೆ, ಕ್ಷೇಮವಾಗಿ ನಿಲ್ಲಿಸುವ ಕ್ರಮ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ರೈತರಿಗೂ ಸಹಕಾರ ಸಂಘಗಳ ಸಿಬ್ಬಂದಿಗೂ ನೀಡಿದ ಭಾಷಣದ ಪಾಠ



ಭತ್ತದ ತಳಿ, ಗೊಬ್ಬರದ ಪ್ರಮಾಣ, ಅಡಿಕೆಯ ಕೊಳೆರೋಗ ಮುಂತಾದವುಗಳನ್ನು ಕುರಿತು ಮಾತನಾಡಬೇಕಾದ ವೇದಿಕೆಯಲ್ಲಿ ಗಣಕಯಂತ್ರದ ವಿಚಾರವೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಇಂದು ಬೇಸಾಯದ ಲೆಕ್ಕಪತ್ರ ಉಳಿದಿರುವುದೇ ಈ ಯಂತ್ರದಲ್ಲಿ. 2000ನೆಯ ಇಸವಿಯಲ್ಲಿ ಆರಂಭವಾದ ಭೂಮಿ ಯೋಜನೆಯಿಂದ ಪಹಣಿ ಪತ್ರಿಕೆ ಗಣಕಯಂತ್ರಕ್ಕೆ ಬಂತು. ಆಮೇಲೆ ಫ್ರೂಟ್ಸ್ ಗುರುತಿನ ಸಂಖ್ಯೆ, ಬೆಳೆ ವಿಮೆ, ಬೆಳೆ ಸಮೀಕ್ಷೆ, ಹಾಲಿನ ಸಂಘದ ಅಳತೆ, ಕೃಷಿ ಪತ್ತಿನ ಸಂಘದ ಸಾಲದ ಖಾತೆ ಇವೆಲ್ಲವೂ ಒಂದೊಂದಾಗಿ ಅದೇ ದಾರಿ ಹಿಡಿದವು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರಕಾರವು 2022ರಲ್ಲಿ ಪ್ರತ್ಯೇಕ ಯೋಜನೆಯನ್ನೇ ಮಂಜೂರು ಮಾಡಿತು.

ಹೊಸ ಯಂತ್ರಗಳು ಬಂದರೂ ಹಳೆಯವು ಮೂಲೆಗೆ ಸೇರುವುದಿಲ್ಲ. ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಟ್ಟ ಕಾಗದಪತ್ರಗಳು, ಹಳೆಯ ಲೆಕ್ಕದ ತಂತ್ರಾಂಶ, ಸದ್ದು ಮಾಡುತ್ತಲೇ ರಶೀದಿ ಕೊಡುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಇವುಗಳಿಗಾಗಿ ಹತ್ತು ಹದಿನೈದು ವರ್ಷದ ಯಂತ್ರವೂ ಕೆಲಸದಲ್ಲಿರುತ್ತದೆ. ಮನೆಗಳಲ್ಲಿ ಮಗನೋ ಮಗಳೋ ಕಾಲೇಜು ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ಉಳಿದ ಯಂತ್ರವು ತೋಟದ ಖರ್ಚು ವೆಚ್ಚ ಬರೆಯಲು ಒದಗುತ್ತದೆ. ಎತ್ತು ಮುದಿಯಾಯಿತೆಂದು ಉಳುಮೆ ನಡುವೆ ಬಿಡಲಾಗದಂತೆ ಈ ಯಂತ್ರವನ್ನೂ ಥಟ್ಟನೆ ಬಿಡಲಾಗದು. ಆದರೆ ಇಂಥ ಯಂತ್ರಗಳ ಬಗೆಗೆ ಸಾಮಾನ್ಯವಾಗಿ ಕೇಳಿಬರುವ ದೂರು ಒಂದುಂಟು. ನಿಲ್ಲಿಸಲು ಹೇಳಿದರೆ ನಿಲ್ಲುವುದಿಲ್ಲ; ಐದು ನಿಮಿಷ, ಎಂಟು ನಿಮಿಷ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ.

ಕರಾವಳಿಯಲ್ಲಿ ಇದು ಸಣ್ಣ ಮಾತಲ್ಲ

ಬಯಲುಸೀಮೆಯ ಊರಿನಲ್ಲಿ ಐದು ನಿಮಿಷ ಕಾಯುವುದು ಬರಿಯ ಬೇಸರದ ವಿಷಯವಾಗಬಹುದು. ಉಡುಪಿ ಜಿಲ್ಲೆಯ ಉತ್ತರ ಭಾಗದಲ್ಲಿ ಅದು ನಷ್ಟದ ವಿಷಯ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ವಿದ್ಯುತ್ ತಂತಿಗಳು ತೆಂಗು, ಅಡಿಕೆ, ಹಲಸು, ಮಾವುಗಳ ನಡುವೆ, ಕೊಲ್ಲೂರು, ಸಿದ್ದಾಪುರ, ಶಂಕರನಾರಾಯಣದ ಕಡೆ ದಟ್ಟ ಕಾಡಿನ ನಡುವೆ ಹಾಯ್ದು ಹೋಗುತ್ತವೆ. ಗಾಳಿಗೆ ಒಂದು ಮಡಲು ಬಿದ್ದರೂ ಕರೆಂಟು ಹೋಗುತ್ತದೆ. ಹೊಸಂಗಡಿಯ ನೆಲದಡಿಯ ವಾರಾಹಿ ವಿದ್ಯುದಾಗಾರ 460 ಮೆಗಾವಾಟಿನ ಸಾಮರ್ಥ್ಯದ್ದು. ಆದರೂ ಅದರ ಸುತ್ತಲಿನ ಹಳ್ಳಿಗಳಲ್ಲಿ ಮಳೆಗಾಲದ ರಾತ್ರಿ ಚಿಮಣಿ ದೀಪ ಸಿದ್ಧವಾಗಿರಬೇಕು ಎನ್ನುವುದು ಹಳೆಯ ಅನುಭವ.

ಒಂದು ಹಾಲಿನ ಸಂಘದ ಸಂಜೆಯನ್ನು ಊಹಿಸಿಕೊಳ್ಳಬಹುದು. ಹಾಲು ತಂದವರ ಸಾಲು ಮುಗಿದಿದೆ. ತೂಕದ ಯಂತ್ರದಿಂದಲೂ ಜಿಡ್ಡು ಅಳೆಯುವ ಯಂತ್ರದಿಂದಲೂ ಬಂದ ಅಂಕಿಗಳು ಗಣಕಯಂತ್ರದೊಳಗೆ ಸೇರಿವೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಯುಪಿಎಸ್ ಕೂಗಲು ತೊಡಗುತ್ತದೆ. ಅದರ ಬ್ಯಾಟರಿ ಹಳೆಯದು, ನಾಲ್ಕು ನಿಮಿಷ ತಾಳಬಹುದು. ಯಂತ್ರ ನಿಲ್ಲಲು ಏಳು ನಿಮಿಷ ಬೇಕು. ಉಳಿದ ಮೂರು ನಿಮಿಷದ ಕೊರತೆಯಲ್ಲಿ ಅರ್ಧ ಬರೆದ ಲೆಕ್ಕ ಕೆಟ್ಟುಹೋದರೆ, ಮರುದಿನ ಅರವತ್ತು ಮನೆಯವರ ಹಾಲಿನ ಅಳತೆಯನ್ನು ಚೀಟಿ ಹುಡುಕಿ ಮತ್ತೆ ಬರೆಯಬೇಕು. ಚೀಟಿ ಕಳೆದವರ ಪಾಡು ಬೇರೆ. ಜಗಳ ಬರುವುದು ಕಾರ್ಯದರ್ಶಿಯ ಮೇಲೆ. ತಪ್ಪು ಇರುವುದು ಯಂತ್ರದ ನಿಧಾನದಲ್ಲಿ.

ಆದ್ದರಿಂದ ಕರಾವಳಿಯ ಮಟ್ಟಿಗೆ ನಿಯಮ ಇಷ್ಟೇ: ಯಂತ್ರ ನಿಲ್ಲಲು ತೆಗೆದುಕೊಳ್ಳುವ ಕಾಲವು ಯುಪಿಎಸ್ ತಾಳುವ ಕಾಲದ ಅರ್ಧಕ್ಕಿಂತ ಹೆಚ್ಚಿರಬಾರದು.

ನಿಲ್ಲುವಾಗ ಯಂತ್ರದೊಳಗೆ ಏನು ನಡೆಯುತ್ತದೆ?

ಗಣಕಯಂತ್ರವು ವಿದ್ಯುದ್ದೀಪದಂತೆ ಗುಂಡಿ ಒತ್ತಿದೊಡನೆ ಆರುವ ಸಾಧನವಲ್ಲ. ಅದನ್ನು ಕೊಯ್ಲಿನ ದಿನದ ಸಂಜೆಯ ಅಂಗಳಕ್ಕೆ ಹೋಲಿಸಬಹುದು. ಕೆಲಸ ನಿಂತಿತು ಎಂದ ಮಾತ್ರಕ್ಕೆ ಯಾರೂ ಎದ್ದು ಹೋಗುವುದಿಲ್ಲ. ಹರಡಿದ ಭತ್ತವನ್ನು ರಾಶಿ ಮಾಡಬೇಕು, ತೂರಿದ್ದನ್ನು ಅಳೆದು ಒಳಗಿಡಬೇಕು, ಹುಲ್ಲನ್ನು ಒಟ್ಟಬೇಕು, ಕತ್ತಿ ಮೊರಗಳನ್ನು ಎಣಿಸಿ ತೆಗೆದಿಡಬೇಕು. ಹಾಗೆಯೇ ಯಂತ್ರವೂ ನಿಲ್ಲುವ ಮೊದಲು ನಾಲ್ಕು ಕೆಲಸ ಮಾಡುತ್ತದೆ.

ಮೊದಲನೆಯದಾಗಿ, ತೆರೆದಿರುವ ಪ್ರತಿಯೊಂದು ಕಾರ್ಯಕ್ರಮಕ್ಕೂ ಮುಚ್ಚಿಕೊಳ್ಳುವಂತೆ ಸೂಚನೆ ಕಳುಹಿಸಿ ಉತ್ತರಕ್ಕಾಗಿ ಕಾಯುತ್ತದೆ. ಎರಡನೆಯದಾಗಿ, ಬಳಕೆದಾರರ ಆಯ್ಕೆಗಳನ್ನು ಡಿಸ್ಕಿಗೆ ಬರೆದು ಅವರ ಖಾತೆಯನ್ನು ಮುಚ್ಚುತ್ತದೆ. ಮೂರನೆಯದಾಗಿ, ಕಣ್ಣಿಗೆ ಕಾಣದೆ ಹಿನ್ನೆಲೆಯಲ್ಲಿ ನಡೆಯುವ ಸೇವೆಗಳನ್ನು, ಅಂದರೆ ಮುದ್ರಣ, ಜಾಲಸಂಪರ್ಕ, ವೈರಾಣು ತಡೆ, ದತ್ತಾಂಶ ಭಂಡಾರ ಮುಂತಾದವನ್ನು ನಿಲ್ಲಿಸುತ್ತದೆ. ಕೊನೆಯದಾಗಿ, ನೆನಪಿನ ಕೋಶದಲ್ಲಿ ಉಳಿದಿರುವುದನ್ನೆಲ್ಲ ಡಿಸ್ಕಿಗೆ ಇಳಿಸಿ ವಿದ್ಯುತ್ತನ್ನು ಕಡಿಯುತ್ತದೆ.

ಹಳೆಯ ಯಂತ್ರದಲ್ಲಿ ಈ ನಾಲ್ಕೂ ಹಂತ ನಿಧಾನವಾಗಲು ಕಾರಣಗಳಿವೆ. ಅದರ ಡಿಸ್ಕು ತಿರುಗುವ ತಟ್ಟೆಯದು. ಓದುವ ಸೂಜಿ ಅಲ್ಲಿಂದಿಲ್ಲಿಗೆ ಓಡಾಡಬೇಕು. ನೆನಪಿನ ಕೋಶ 1 ಅಥವಾ 2 ಗಿಗಾಬೈಟು ಮಾತ್ರ ಇದ್ದರೆ ಯಂತ್ರವು ಡಿಸ್ಕಿನ ಒಂದು ಭಾಗವನ್ನೇ ನೆನಪಿನಂತೆ ಬಳಸುತ್ತದೆ. ನಿಲ್ಲಿಸಲು ಹೇಳಿದಾಗ ಮಲಗಿದ್ದ ಕಾರ್ಯಕ್ರಮಗಳನ್ನು ಡಿಸ್ಕಿನಿಂದ ಎಬ್ಬಿಸಿ ತಂದು, ಮತ್ತೆ ಮುಚ್ಚಬೇಕಾಗುತ್ತದೆ.

ಮೊದಲು ಅಳತೆ, ಆಮೇಲೆ ಔಷಧ

ಗದ್ದೆಯಲ್ಲಿ ಭತ್ತದ ಎಲೆ ಹಳದಿಯಾಯಿತೆಂದು ಕೂಡಲೇ ಯೂರಿಯಾ ಎರಚುವುದು ತಪ್ಪು. ಸಾರಜನಕದ ಕೊರತೆಯಿಂದಲೂ ಎಲೆ ಬಣ್ಣಗೆಡುತ್ತದೆ. ಜಂಬಿಟ್ಟಿಗೆ ಮಣ್ಣಿನ ತಗ್ಗು ಗದ್ದೆಗಳಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿಯೂ ಬಣ್ಣಗೆಡುತ್ತದೆ. ಮೊದಲನೆಯದಕ್ಕೆ ಗೊಬ್ಬರ ಬೇಕು, ಎರಡನೆಯದಕ್ಕೆ ನೀರು ಬಸಿಯುವಂತೆ ಮಾಡಿ ಸುಣ್ಣ ಹಾಕಬೇಕು. ಯಂತ್ರದ ನಿಧಾನವೂ ರೋಗವಲ್ಲ, ರೋಗದ ಲಕ್ಷಣ.

ಆದುದರಿಂದ ಒಂದು ವಾರ ಕೇವಲ ಅಳತೆ ಮಾಡಬೇಕು. ಗೋಡೆಯ ಕ್ಯಾಲೆಂಡರಿನ ಮೇಲಾದರೂ ಸರಿ, ದಿನಾಂಕ, ನಿಲ್ಲಿಸಲು ಹೇಳಿದ ಹೊತ್ತು, ದೀಪ ಆರಿದ ಹೊತ್ತು, ಆಗ ತೆರೆದಿದ್ದ ಕೆಲಸಗಳು, ಪರದೆಯ ಮೇಲೆ ಕಂಡ ಬರಹ ಇಷ್ಟನ್ನು ಬರೆದಿಡಬೇಕು. ವಿಂಡೋಸ್ 7 ಮತ್ತು ಆ ನಂತರದ ಯಂತ್ರಗಳು ಈ ಲೆಕ್ಕವನ್ನು ತಾವೂ ಇಡುತ್ತವೆ. ಇವೆಂಟ್ ವ್ಯೂಯರ್ ಎಂಬಲ್ಲಿ ಅಪ್ಲಿಕೇಷನ್ಸ್ ಅಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಡಯಾಗ್ನಾಸ್ಟಿಕ್ಸ್ ಪರ್ಫಾರ್ಮೆನ್ಸ್, ಆಪರೇಷನಲ್ ಎಂದು ಒಂದರ ಒಳಗೊಂದು ತೆರೆಯುತ್ತ ಹೋದರೆ, 200 ಎಂಬ ಸಂಖ್ಯೆಯ ನಮೂದಿನಲ್ಲಿ ಯಂತ್ರ ನಿಲ್ಲಲು ಹಿಡಿದ ಕಾಲ ಮಿಲಿಸೆಕೆಂಡುಗಳಲ್ಲಿ ಸಿಗುತ್ತದೆ. ಸಾವಿರ ಮಿಲಿಸೆಕೆಂಡಿಗೆ ಒಂದು ಸೆಕೆಂಡು. ಅದರ ಆಸುಪಾಸಿನ ನಮೂದುಗಳು ಯಾವ ಕಾರ್ಯಕ್ರಮ, ಯಾವ ಸೇವೆ ತಡಮಾಡಿತೆಂಬುದನ್ನು ಹೆಸರು ಹಿಡಿದು ಹೇಳುವುದೂ ಉಂಟು.

ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಮತ್ತೆ ಎರಡು ಮೂರು ದಿನ ಅಳೆಯಬೇಕು. ಪ್ರಯೋಗದ ತಾಕಿನಲ್ಲಿ ತಳಿ, ಗೊಬ್ಬರ, ನಾಟಿಯ ಅಂತರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಇಳುವರಿ ಹೆಚ್ಚಿದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಇಲ್ಲಿಯೂ ಹಾಗೆಯೇ.

ಖರ್ಚಿಲ್ಲದ ಪರಿಹಾರಗಳು

1. ಕೆಲಸಗಳನ್ನು ಕೈಯಿಂದಲೇ ಮುಚ್ಚುವುದು. ನಿಲ್ಲಿಸಲು ಹೇಳುವ ಮೊದಲು ಲೆಕ್ಕದ ತಂತ್ರಾಂಶವನ್ನು ಅದರದೇ ನಿರ್ಗಮನ ಗುಂಡಿಯಿಂದ ಮುಚ್ಚಬೇಕು. ನಂತರ ಬ್ರೌಸರು, ಆಮೇಲೆ ಉಳಿದವು. ಯಂತ್ರದ ಮುಂಭಾಗದಲ್ಲಿ ಮಿನುಗುವ ಡಿಸ್ಕಿನ ಸಣ್ಣ ದೀಪ ಶಾಂತವಾಗುವವರೆಗೆ ಕೆಲವು ಸೆಕೆಂಡು ಕಾದು, ಆಮೇಲೆ ನಿಲ್ಲಿಸಬೇಕು. ನೀರೆತ್ತುವ ಡೀಸೆಲ್ ಎಂಜಿನನ್ನು ಹೊರೆ ಇಳಿಸಿ ನಿಲ್ಲಿಸುವ ಪದ್ಧತಿಯೇ ಇದು. ಬಹಳಷ್ಟು ಕಡೆ ಈ ಒಂದೇ ಅಭ್ಯಾಸದಿಂದ ಕಾಯುವ ಕಾಲ ಗಣನೀಯವಾಗಿ ಇಳಿಯುತ್ತದೆ.

2. ತಾವಾಗಿಯೇ ಏಳುವ ಕಾರ್ಯಕ್ರಮಗಳ ಕಳೆ ಕೀಳುವುದು. ಯಂತ್ರ ಆರಂಭವಾದಾಗ ಯಾರೂ ಕರೆಯದೆ ಎದ್ದು ಕೂರುವ ಕಾರ್ಯಕ್ರಮಗಳು ಹಲವು: ಹರಟೆಯವು, ಹಾಡು ಇಳಿಸಿಕೊಳ್ಳುವವು, ಪ್ರಿಂಟರಿನ ಸಹಾಯಕ, ಯಾವುದೋ ತಂತ್ರಾಂಶದ ಪರಿಷ್ಕರಣೆ ಹುಡುಕುವವು. ನಿಲ್ಲುವಾಗ ಇವೆಲ್ಲವನ್ನೂ ಮುಚ್ಚಬೇಕು. ವಿಂಡೋಸ್ 8 ಮತ್ತು 10ರಲ್ಲಿ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ, ಎಕ್ಸ್‌ಪಿ ಮತ್ತು 7ರಲ್ಲಿ ಎಂಎಸ್‌ಕಾನ್‌ಫಿಗ್ ಎಂದು ಬರೆದು ತೆರೆಯುವ ಪುಟದಲ್ಲಿ ಇವುಗಳ ಪಟ್ಟಿಯುಂಟು. ಬೇಡದ್ದನ್ನು ಅಲ್ಲಿ ತಡೆದರೆ ಸಾಕು, ಅಳಿಸಬೇಕಾಗಿಲ್ಲ. ಹೆಸರು ಗುರುತು ಸಿಗದ್ದನ್ನು ಮಾತ್ರ ಮುಟ್ಟಬಾರದು. ಕಳೆ ಎಂದು ಭ್ರಮಿಸಿ ಪೈರನ್ನೇ ಕಿತ್ತಂತಾದೀತು.

3. ವೈರಾಣು ತಡೆ ಒಂದೇ ಇರಲಿ. ಒಂದಕ್ಕಿಂತ ಎರಡು ಒಳ್ಳೆಯದೆಂಬ ನಂಬಿಕೆಯಿಂದ ಎರಡು ತಡೆ ತಂತ್ರಾಂಶ ಹಾಕಿಕೊಂಡವರಿದ್ದಾರೆ. ಒಂದು ತೆರೆದ ಕಡತವನ್ನು ಇನ್ನೊಂದು ತಪಾಸಣೆ ಮಾಡುತ್ತದೆ. ಎರಡೂ ಒಂದನ್ನೊಂದು ಕಾಯುತ್ತವೆ. ಅವಧಿ ಮುಗಿದದ್ದನ್ನು ತೆಗೆದು, ಒಂದನ್ನು ಉಳಿಸಿಕೊಳ್ಳಬೇಕು.

4. ಪ್ರಿಂಟರಿನ ಸರತಿ ಖಾಲಿ ಮಾಡುವುದು. ಕಾಗದ ಸಿಕ್ಕಿಕೊಂಡು ಅರ್ಧಕ್ಕೆ ನಿಂತ ರಶೀದಿಗಳು ಸರತಿಯಲ್ಲಿ ಉಳಿದಿರುತ್ತವೆ. ಪ್ರಿಂಟರಿನ ಚಿತ್ರ ತೆರೆದು ಅವನ್ನು ರದ್ದು ಮಾಡಬೇಕು. ಪೆನ್ ಡ್ರೈವನ್ನೂ ಕ್ರಮಪ್ರಕಾರ ಬಿಡಿಸಿ ತೆಗೆಯಬೇಕು.

5. ಸಂಘದಲ್ಲಿ ಒಂದಕ್ಕಿಂತ ಹೆಚ್ಚು ಯಂತ್ರಗಳಿದ್ದರೆ ಕ್ರಮ ತಪ್ಪಬಾರದು. ಮುಖ್ಯ ಯಂತ್ರದಲ್ಲಿರುವ ಕಡತವನ್ನು ಇತರ ಯಂತ್ರಗಳು ತಂತಿಯ ಮೂಲಕ ಬಳಸುತ್ತಿರುವಾಗ ಮುಖ್ಯ ಯಂತ್ರವನ್ನೇ ಮೊದಲು ನಿಲ್ಲಿಸಿದರೆ ಉಳಿದವು ಉತ್ತರ ಬಾರದೆ ಕಾಯುತ್ತಲೇ ಇರುತ್ತವೆ. ಕೌಂಟರಿನ ಯಂತ್ರಗಳು ಮೊದಲು, ಮುಖ್ಯ ಯಂತ್ರ ಕೊನೆಗೆ. ಬೆಳಿಗ್ಗೆ ಆರಂಭಿಸುವಾಗ ಇದರ ತಿರುಗುಮುರುಗು.

6. ಡಿಸ್ಕಿನಲ್ಲಿ ಜಾಗ ಬಿಡುವುದು. ಕಣಜ ತುಂಬಿ ತುಳುಕಿದರೆ ಹೊಸ ಭತ್ತ ಸುರಿಯಲು ಜಾಗವಿರದು. ಡಿಸ್ಕಿನ ಐದರಲ್ಲಿ ಒಂದು ಪಾಲಾದರೂ ಖಾಲಿ ಇರಲಿ. ಮದುವೆಯ ವಿಡಿಯೋ, ಯಕ್ಷಗಾನದ ಧ್ವನಿಮುದ್ರಣಗಳನ್ನು ಬೇರೆ ಡಿಸ್ಕಿಗೆ ಸಾಗಿಸಿ, ಡಿಸ್ಕ್ ಕ್ಲೀನಪ್ ನಡೆಸಬೇಕು. ತಿರುಗುವ ಡಿಸ್ಕಾದರೆ ವರ್ಷಕ್ಕೆ ಒಂದೆರಡು ಸಲ ಡಿಫ್ರಾಗ್ಮೆಂಟ್ ಮಾಡುವುದರಿಂದ ಚೆದುರಿದ ಕಡತಗಳು ಒಂದೆಡೆ ಸೇರುತ್ತವೆ.

ತಿಳಿದವರ ಕೈಯಿಂದ ಮಾಡಿಸಬೇಕಾದ ಬದಲಾವಣೆಗಳು

ಕೆಲವು ಯಂತ್ರಗಳಲ್ಲಿ ನಿಲ್ಲುವಾಗಲೆಲ್ಲ ಪೇಜ್ ಫೈಲ್ ಎಂಬ ಕಡತವನ್ನು, ಅಂದರೆ ಡಿಸ್ಕಿನಲ್ಲಿ ನೆನಪಿನಂತೆ ಬಳಸಿದ ಭಾಗವನ್ನು, ಪೂರ್ತಿ ಒರೆಸುವ ಏರ್ಪಾಟು ಚಾಲೂ ಆಗಿರುತ್ತದೆ. ಗುಟ್ಟಿನ ಕಾಗದಪತ್ರದ ಕಚೇರಿಗಳಿಗೆ ಇದು ಬೇಕಾದೀತು. ಆದರೆ ಲೆಕ್ಕ ನೋಡಬೇಕು: ಆ ಕಡತ 4 ಗಿಗಾಬೈಟು ಇದ್ದು, ಹಳೆಯ ಡಿಸ್ಕು ಸೆಕೆಂಡಿಗೆ 60 ಮೆಗಾಬೈಟು ಬರೆಯುತ್ತದೆಂದು ಇಟ್ಟುಕೊಂಡರೆ, ಒರೆಸುವುದಕ್ಕೇ ಸುಮಾರು 68 ಸೆಕೆಂಡು ಬೇಕು. ವಿಂಡೋಸಿನಲ್ಲಿ ಇದು ಮೂಲತಃ ನಿಂತೇ ಇರುತ್ತದೆ. ಯಾರಾದರೂ ಚಾಲೂ ಮಾಡಿದ್ದರೆ ಮಾತ್ರ ತೊಂದರೆ. ರಿಜಿಸ್ಟ್ರಿಯಲ್ಲಿ ಕ್ಲಿಯರ್ ಪೇಜ್ ಫೈಲ್ ಅಟ್ ಶಟ್‌ಡೌನ್ ಎಂಬುದರ ಬೆಲೆ 0 ಇದೆಯೇ ಎಂದು ದುರಸ್ತಿಯವರಿಂದ ನೋಡಿಸಬೇಕು.

ಎರಡನೆಯದು, 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ಫಾಸ್ಟ್ ಸ್ಟಾರ್ಟಪ್. ಮರುದಿನ ಬೇಗನೆ ಏಳುವ ಸಲುವಾಗಿ ಯಂತ್ರವು ನಿಲ್ಲುವಾಗ ತನ್ನ ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿಗೆ ಬರೆದಿಡುತ್ತದೆ. ಇದರಿಂದ ಬೆಳಗಿನ ಹೊತ್ತು ಉಳಿದರೂ ಸಂಜೆಯ ಹೊತ್ತು ಹೆಚ್ಚಬಹುದು. ನಿಧಾನವಾದ ಡಿಸ್ಕಿನಲ್ಲಿ ಇದು ಎದ್ದು ಕಾಣುತ್ತದೆ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್ ಒಳಗೆ, ಪವರ್ ಗುಂಡಿಗಳ ಕೆಲಸವನ್ನು ಆಯ್ದುಕೊಳ್ಳುವ ಪುಟದಲ್ಲಿ ಇದರ ಗುರುತು ತೆಗೆಯಬಹುದು. ಶಾಶ್ವತವಾಗಿ ತೆಗೆಯುವ ಮೊದಲು ಪರೀಕ್ಷೆ ಮಾಡುವುದು ಸುಲಭ: ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಶಟ್‌ಡೌನ್ ಎಂದರೆ ಆ ಒಂದು ಸಲ ಯಂತ್ರ ಪೂರ್ಣವಾಗಿ ನಿಲ್ಲುತ್ತದೆ. ಎರಡೂ ರೀತಿಯಲ್ಲಿ ಮೂರು ಮೂರು ದಿನ ಅಳೆದು, ಯಾವುದು ಲಾಭವೋ ಅದನ್ನು ಇಟ್ಟುಕೊಳ್ಳಬೇಕು.

ಮೂರನೆಯದು ಪರಿಷ್ಕರಣೆ. ನಿಲ್ಲುವ ಹೊತ್ತಿಗೆ ಸರಿಯಾಗಿ ಪರಿಷ್ಕರಣೆ ನಡೆಯುತ್ತಿದೆ, ವಿದ್ಯುತ್ ತೆಗೆಯಬೇಡಿ ಎಂಬ ಬರಹ ಬಂದರೆ ಅದು ಯಂತ್ರದ ದೋಷವಲ್ಲ. ಆಗ ಬಲವಂತ ಮಾಡಿದರೆ ವಿಂಡೋಸೇ ಕೆಡಬಹುದು. ವಾರದಲ್ಲಿ ಒಂದು ದಿನ, ಕರೆಂಟು ಭದ್ರವಾಗಿರುವ ಬೆಳಗಿನ ಹೊತ್ತಿನಲ್ಲಿ ಪರಿಷ್ಕರಣೆ ಮಾಡಿಸಿ ಮುಗಿಸುವ ಪದ್ಧತಿ ಇಟ್ಟುಕೊಂಡರೆ ಸಂಜೆ ಈ ಕಾಟ ಬರುವುದು ಕಡಮೆ.

ಮಾಡಬಾರದ ಕೆಲಸಗಳು

ಬೇಗ ನಿಲ್ಲಿಸುವ ಉಪಾಯವೆಂದು ಸುಲಭವಾಗಿ ಹೇಳಿಕೊಡಲಾಗುವ ಮಾತೊಂದಿದೆ. ಸೇವೆಗಳು ಮುಚ್ಚಿಕೊಳ್ಳಲು ವಿಂಡೋಸ್ ಕೊಡುವ ಗಡುವನ್ನು ರಿಜಿಸ್ಟ್ರಿಯಲ್ಲಿ ಇಳಿಸುವುದು. ಈ ಗಡುವು ಎಕ್ಸ್‌ಪಿಯಲ್ಲಿ 20 ಸೆಕೆಂಡು, ವಿಂಡೋಸ್ 7ರಲ್ಲಿ 12, ವಿಂಡೋಸ್ 10ರಲ್ಲಿ 5 ಸೆಕೆಂಡು. ಇದನ್ನು 1 ಸೆಕೆಂಡಿಗೆ ಇಳಿಸಿದರೆ ಯಂತ್ರ ಬೇಗ ನಿಲ್ಲುವುದು ನಿಜ. ಆದರೆ ಹಾಲಿನ ಲೆಕ್ಕವನ್ನೋ ಸಾಲದ ಖಾತೆಯನ್ನೋ ಇಟ್ಟಿರುವ ದತ್ತಾಂಶ ಭಂಡಾರವೂ ಇಂಥ ಒಂದು ಸೇವೆಯೇ. ಅದು ಕೊನೆಯ ಸಾಲು ಬರೆಯುವ ಮೊದಲೇ ಕತ್ತು ಹಿಸುಕಿದಂತಾಗುತ್ತದೆ. ಕಾಳು ಬಲಿಯುವ ಮೊದಲೇ ಕೊಯ್ದರೆ ಕೊಯ್ಲು ಬೇಗ ಮುಗಿಯುತ್ತದೆ. ಕಣಜಕ್ಕೆ ಬರುವುದು ಜೊಳ್ಳು. ಲೆಕ್ಕಪತ್ರವಿರುವ ಯಂತ್ರದಲ್ಲಿ ಈ ಗಡುವನ್ನು ಇಳಿಸಲೇಬಾರದು. ಉಳಿಸದ ಕೆಲಸವನ್ನು ಕೇಳದೆಯೇ ಮುಚ್ಚಿಬಿಡುವ ಆಟೋ ಎಂಡ್ ಟಾಸ್ಕ್ಸ್ ಎಂಬ ಏರ್ಪಾಟಿಗೂ ಇದೇ ಮಾತು.

ಪವರ್ ಗುಂಡಿಯನ್ನು ನಾಲ್ಕೈದು ಸೆಕೆಂಡು ಒತ್ತಿ ಹಿಡಿದು ನಿಲ್ಲಿಸುವುದು ಕಟ್ಟಕಡೆಯ ಉಪಾಯ. ವಿಂಡೋಸಿನ ಕಡತ ವ್ಯವಸ್ಥೆ ತನ್ನ ಚೌಕಟ್ಟನ್ನು ಮಟ್ಟಿಗೆ ಕಾಪಾಡಿಕೊಳ್ಳುತ್ತದೆ. ಅದರೊಳಗೆ ಅರ್ಧ ಬರೆದ ಲೆಕ್ಕವನ್ನು ಕಾಪಾಡುವ ಭರವಸೆ ಇಲ್ಲ. ಪರದೆ ಹತ್ತಿಪ್ಪತ್ತು ನಿಮಿಷ ಅಲುಗದೆ, ಡಿಸ್ಕಿನ ದೀಪವೂ ಮಿನುಗದೆ ಇದ್ದಾಗ ಮಾತ್ರ ಇದಕ್ಕೆ ಕೈಹಾಕಬೇಕು.

ಒಂದೇ ಗುಂಡಿಯಿಂದ ಯಂತ್ರವನ್ನು ಹೊಸದು ಮಾಡುತ್ತೇವೆಂದು ಜಾಹೀರಾತು ಕೊಡುವ ತಂತ್ರಾಂಶಗಳನ್ನೂ ನಂಬಬಾರದು. ಎಷ್ಟೋ ಸಲ ಯಂತ್ರದೊಳಗೆ ಹೊರೆ ಹೆಚ್ಚಿಸುವುದು ಅವೇ.

ಡಿಸ್ಕೇ ಸಾಯುತ್ತಿದ್ದರೆ?

ನಿನ್ನೆಯವರೆಗೆ ಒಂದು ನಿಮಿಷದಲ್ಲಿ ನಿಲ್ಲುತ್ತಿದ್ದ ಯಂತ್ರ ಈ ವಾರ ಎಂಟು ನಿಮಿಷ ಹಿಡಿಯುತ್ತಿದ್ದರೆ, ಕಡತ ತೆರೆಯುವಾಗಲೂ ತಡವರಿಸುತ್ತಿದ್ದರೆ, ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ, ಬೇರೆ ಯಾವ ಪ್ರಯೋಗಕ್ಕೂ ಇಳಿಯಬಾರದು. ಡಿಸ್ಕಿನಲ್ಲಿ ಹಾಳಾದ ಭಾಗಗಳು ಹೆಚ್ಚುತ್ತಿರುವ ಸೂಚನೆ ಅದು. ಬರೆಯಲು ಹೋಗಿ ಸೋತು, ಮತ್ತೆ ಮತ್ತೆ ಪ್ರಯತ್ನಿಸುವುದರಿಂದ ತಡವಾಗುತ್ತದೆ. ಮೊದಲು ಮಾಡಬೇಕಾದದ್ದು ಲೆಕ್ಕಪತ್ರಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆಯುವುದು. ಡಿಫ್ರಾಗ್ಮೆಂಟ್, ತಪಾಸಣೆ ಮುಂತಾದವು ಸಾಯುತ್ತಿರುವ ಡಿಸ್ಕಿಗೆ ಮತ್ತಷ್ಟು ದಣಿವು ಕೊಡುತ್ತವೆ.

ಇಂಥಲ್ಲಿ ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಎಂಬ ಡಿಸ್ಕನ್ನು ಹಾಕಿಸುವುದೇ ಮೇಲು. ಸೇಟಾ ಜೋಡಣೆ ಇರುವ ಹತ್ತು ಹನ್ನೆರಡು ವರ್ಷದ ಯಂತ್ರಕ್ಕೂ ಇದು ಹೊಂದುತ್ತದೆ. ಸೂಜಿ ಓಡಾಡುವ ಕೆಲಸವೇ ಇಲ್ಲದುದರಿಂದ ಏಳುವುದೂ ನಿಲ್ಲುವುದೂ ಎರಡೂ ಬೇಗವಾಗುತ್ತವೆ. ನೆನಪಿನ ಕೋಶವನ್ನು 4 ಗಿಗಾಬೈಟಿಗೆ ಏರಿಸಿದರೆ ಇನ್ನೂ ಒಳ್ಳೆಯದು. ಹಳೆಯ ಯಂತ್ರದ ಮೇಲೆ ಮಾಡುವ ಖರ್ಚುಗಳಲ್ಲಿ ನಿಜವಾಗಿ ಫಲ ಕೊಡುವವು ಈ ಎರಡೇ. ಎಸ್‌ಎಸ್‌ಡಿಗೆ ಡಿಫ್ರಾಗ್ಮೆಂಟ್ ಮಾಡುವ ಅಗತ್ಯವಿಲ್ಲ.

ಯುಪಿಎಸ್, ಸಿಡಿಲು ಮತ್ತು ತೇವ

ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್ ಗಂಟೆಯ ಬ್ಯಾಟರಿ ಇರುತ್ತದೆ. ಎರಡನ್ನೂ ಗುಣಿಸಿದರೆ 84 ವಾಟ್ ಗಂಟೆ. 100 ವಾಟು ಬೇಡುವ ಯಂತ್ರಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿ ಸಾಲಬೇಕೆಂದು ಕಾಗದದ ಲೆಕ್ಕ ಹೇಳುತ್ತದೆ. ಆದರೆ ಅವಸರದಲ್ಲಿ ಹೀರಿದಾಗ ಈ ಬ್ಯಾಟರಿ ತನ್ನ ಪೂರ್ತಿ ಶಕ್ತಿ ಕೊಡುವುದಿಲ್ಲ, ಪರಿವರ್ತನೆಯಲ್ಲಿಯೂ ನಷ್ಟವಿದೆ. ಹೊಸದಿದ್ದಾಗಲೇ 15ರಿಂದ 20 ನಿಮಿಷ ಸಿಕ್ಕರೆ ಹೆಚ್ಚು. ಎರಡು ಮೂರು ವರ್ಷದ ಮೇಲೆ ಅದು ಮೂರು ನಾಲ್ಕು ನಿಮಿಷಕ್ಕೆ ಇಳಿಯುವುದು ಸಾಮಾನ್ಯ. ಮೇ ತಿಂಗಳಿನಲ್ಲಿ, ಮಳೆಗೆ ಮುನ್ನ ಮನೆಯ ಮಾಡು ಹೊದಿಸುವಂತೆ, ಯುಪಿಎಸ್‌ನ ಪರೀಕ್ಷೆಯೂ ಆಗಬೇಕು. ಗಣಕಯಂತ್ರವನ್ನು ತೆಗೆದು, ಅದರ ಬದಲಿಗೆ 100 ವಾಟಿನ ಹಳೆಯ ಬಲ್ಬು ಜೋಡಿಸಿ, ಗೋಡೆಯ ಸ್ವಿಚ್ಚು ಆರಿಸಿ, ಎಷ್ಟು ನಿಮಿಷ ಉರಿಯಿತೆಂದು ನೋಡಬೇಕು. ಆ ಅಂಕಿಯ ಅರ್ಧದೊಳಗೆ ಯಂತ್ರ ನಿಲ್ಲದಿದ್ದರೆ ಬ್ಯಾಟರಿ ಬದಲಿಸಬೇಕು. ಪ್ರಿಂಟರನ್ನು ಯುಪಿಎಸ್‌ಗೆ ಜೋಡಿಸಬಾರದು.

ಕರೆಂಟು ಹೋದಾಗ ಹೈಬರ್ನೇಟ್ ಎಂಬ ಕ್ರಮವೂ ಒದಗುತ್ತದೆ. ಕಾರ್ಯಕ್ರಮಗಳನ್ನು ಒಂದೊಂದಾಗಿ ಮುಚ್ಚುವ ಬದಲು ನೆನಪಿನ ಕೋಶದಲ್ಲಿರುವುದನ್ನು ಇದ್ದಂತೆಯೇ ಡಿಸ್ಕಿಗೆ ಬರೆದು ಯಂತ್ರ ಆರುತ್ತದೆ. 2 ಗಿಗಾಬೈಟಿನ ಕೋಶವಾದರೆ ಮೇಲೆ ಹೇಳಿದ ಡಿಸ್ಕಿನ ವೇಗದಲ್ಲಿ ಅರ್ಧ ನಿಮಿಷದ ಸುಮಾರಿಗೆ ಮುಗಿಯುತ್ತದೆ. ಯುಎಸ್‌ಬಿ ತಂತಿಯಿಂದ ಯಂತ್ರಕ್ಕೆ ಸೇರುವ ಕೆಲವು ಯುಪಿಎಸ್‌ಗಳು, ಬ್ಯಾಟರಿ ಇಳಿದಾಗ ಈ ಕೆಲಸವನ್ನು ತಾವಾಗಿಯೇ ಮಾಡಿಸುತ್ತವೆ. ರಾತ್ರಿ ಕಾವಲಿಲ್ಲದ ಕಚೇರಿಗಳಿಗೆ ಇದು ತಕ್ಕದ್ದು.

ಇನ್ನು ಸಿಡಿಲಿನ ವಿಚಾರ. ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿಯೂ, ಮಳೆ ಹಿಂತೆಗೆಯುವ ಅಕ್ಟೋಬರ್ ನವೆಂಬರಿನಲ್ಲಿಯೂ ಕರಾವಳಿಯಲ್ಲಿ ಗುಡುಗು ಸಿಡಿಲು ಹೆಚ್ಚು. ಮಿಂಚು ಕಂಡು ಗುಡುಗು ಕೇಳುವುದಕ್ಕೆ 30 ಸೆಕೆಂಡು ಹಿಡಿದರೆ ಸಿಡಿಲು ಸುಮಾರು 10 ಕಿಲೋಮೀಟರು ದೂರದಲ್ಲಿದೆ ಎಂದರ್ಥ. ಅಪಾಯದ ಎಲ್ಲೆ ಅಲ್ಲಿಂದಲೇ ಆರಂಭ. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಕಿತ್ತಿಡಬೇಕು. ಆದರೆ ಸಿಡಿಲು ನೆತ್ತಿಯ ಮೇಲೆ ಬಂದ ಮೇಲೆ ತಂತಿ ಮುಟ್ಟುವುದೇ ಜೀವಕ್ಕೆ ಅಪಾಯ. ಆದ್ದರಿಂದ ದೂರದ ಗುಡುಗು ಕೇಳಿದೊಡನೆ ನಿಲ್ಲಿಸಲು ತೊಡಗಬೇಕು. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ದಾಮಿನಿ ಎಂಬ ಮೊಬೈಲ್ ತಂತ್ರಾಂಶ ಸಿಡಿಲಿನ ಮುನ್ನೆಚ್ಚರಿಕೆ ಕೊಡುತ್ತದೆ. ಎಂಟು ನಿಮಿಷ ನಿಲ್ಲದ ಯಂತ್ರದ ಮುಂದೆ ಕುಳಿತವರು ಯಂತ್ರದ ಆಸೆಗೆ ಪ್ಲಗ್ಗಿನ ಬಳಿ ನಿಲ್ಲುವಂತಾಗಬಾರದು. ಯಂತ್ರ ಹೋದರೆ ಮತ್ತೊಂದು ತರಬಹುದು.

ಗಂಗೊಳ್ಳಿ, ಮರವಂತೆ, ಉಪ್ಪುಂದದಂತಹ ಕಡಲ ತಡಿಯ ಊರುಗಳಲ್ಲಿ ಉಪ್ಪಿನ ಗಾಳಿಯೂ ಎಲ್ಲೆಡೆ ಮಳೆಗಾಲದ ತೇವವೂ ಯಂತ್ರದ ಒಳಗಿನ ಜೋಡಣೆಗಳನ್ನು ಕಿಲುಬು ಹಿಡಿಸುತ್ತವೆ. ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಕ್ಕೆ ಅರ್ಧ ಗಂಟೆಯಾದರೂ ನಡೆಸುವುದು ಒಳ್ಳೆಯದು. ಅದರ ಬಿಸಿಯೇ ತೇವವನ್ನು ಓಡಿಸುತ್ತದೆ. ವರ್ಷಕ್ಕೊಮ್ಮೆ, ಒಣ ಹವೆಯಲ್ಲಿ, ಪೆಟ್ಟಿಗೆ ತೆರೆಸಿ ಕೆಂಪು ಧೂಳು, ಇರುವೆ, ಹಲ್ಲಿಮೊಟ್ಟೆಗಳನ್ನು ತೆಗೆಸಬೇಕು. ಫ್ಯಾನು ಕಟ್ಟಿಕೊಂಡರೆ ಯಂತ್ರ ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಹಳೆಯದನ್ನು ಎಲ್ಲಿಯವರೆಗೆ ಇಟ್ಟುಕೊಳ್ಳಬೇಕು?

ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲಿನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ಕಂಪನಿಯ ಸಾಮಾನ್ಯ ಬೆಂಬಲ ಮುಗಿಯಿತು. ವಿಸ್ತರಿತ ಭದ್ರತಾ ವ್ಯವಸ್ಥೆಗೆ ಸೇರಿದವರ ಹೊರತು ಉಳಿದವರಿಗೆ ಹೊಸ ರಕ್ಷಣೆ ಬರುವುದಿಲ್ಲ. ಇಂಥ ಯಂತ್ರವನ್ನು ಎಷ್ಟೇ ಬೇಗ ನಿಲ್ಲುವಂತೆ ಮಾಡಿದರೂ ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದು. ಇಂಟರ್‌ನೆಟ್ಟಿನಿಂದ ಬೇರ್ಪಡಿಸಿ ಹಳೆಯ ಲೆಕ್ಕ, ಹಳೆಯ ನುಡಿ ಕಡತ, ರಶೀದಿ ಮುದ್ರಣಕ್ಕೆ ಮಾತ್ರ ಬಳಸಬಹುದು. ಹೊಸ ಕೆಲಸಕ್ಕೆ ಬೇಕೆಂದರೆ ಲಿನಕ್ಸ್‌ನ ಹಗುರ ಮಾದರಿಗಳು ಹಳೆಯ ಯಂತ್ರದಲ್ಲಿಯೂ ನಡೆಯುತ್ತವೆ. ಯೂನಿಕೋಡ್ ಕನ್ನಡವೂ ಅದರಲ್ಲಿ ಚೆನ್ನಾಗಿ ಬರುತ್ತದೆ. ನುಡಿಯಲ್ಲಿ ಬಳಕೆಯಾದ ಕೀಲಿಮಣೆಯ ವಿನ್ಯಾಸ ರೂಪಿಸಿದ ಕೆ. ಪಿ. ರಾವ್ ಅವರು ಇದೇ ಕರಾವಳಿಯವರು; ಅದೇ ವಿನ್ಯಾಸದಲ್ಲಿ ಅಲ್ಲಿಯೂ ಬರೆಯಬಹುದು.

ಯಾವ ಯಂತ್ರವೇ ಇರಲಿ, ಲೆಕ್ಕದ ಒಂದು ಪ್ರತಿ ಬೇರೆಡೆ ಇರಲೇಬೇಕು. ಬಿತ್ತನೆಯ ಭತ್ತವನ್ನು ಮುಡಿ ಕಟ್ಟಿ ಬೇರೆ ಇಟ್ಟವನು ನೆರೆ ಬಂದರೂ ಮರುವರ್ಷ ಬಿತ್ತುತ್ತಾನೆ. ಪ್ರತಿದಿನ ನಿಲ್ಲಿಸುವ ಮೊದಲು ಆ ದಿನದ ಲೆಕ್ಕವನ್ನು ಬೇರೆ ಡಿಸ್ಕಿಗೆ ತೆಗೆದಿಡುವುದು ಆ ಮುಡಿಯಿದ್ದಂತೆ.

ಗಮನದಲ್ಲಿಡಬೇಕಾದ ಅಂಶಗಳು

ಒಂದು ವಾರ ಅಳೆದು, ಕಾರಣ ತಿಳಿದು, ಒಂದೊಂದೇ ಬದಲಾವಣೆ ಮಾಡುವುದು.
ಲೆಕ್ಕದ ತಂತ್ರಾಂಶವನ್ನು ಮೊದಲು ಮುಚ್ಚಿ, ಆಮೇಲೆ ಯಂತ್ರ ನಿಲ್ಲಿಸುವುದು.
ಬೇಡದ ಕಾರ್ಯಕ್ರಮ ತಡೆಯುವುದು. ಸೇವೆಗಳ ಗಡುವನ್ನು ಮುಟ್ಟದಿರುವುದು.
ಥಟ್ಟನೆ ನಿಧಾನವಾದರೆ ಮೊದಲು ಪ್ರತಿ ತೆಗೆಯುವುದು, ನಂತರ ಡಿಸ್ಕು ಬದಲಿಸುವುದು.
ಮೇ ತಿಂಗಳಿನಲ್ಲಿ ಯುಪಿಎಸ್ ಪರೀಕ್ಷೆ. ಯಂತ್ರ ನಿಲ್ಲುವ ಕಾಲ ಅದರ ಅರ್ಧದೊಳಗಿರುವುದು.
ದೂರದ ಗುಡುಗಿಗೇ ನಿಲ್ಲಿಸಿ ಪ್ಲಗ್ಗು ತೆಗೆಯುವುದು.

ಇಷ್ಟನ್ನು ಪಾಲಿಸಿದರೆ, ಮಳೆಗಾಲದ ಸಂಜೆ ಕರೆಂಟು ಹೋದಾಗ ಕಾರ್ಯದರ್ಶಿಯು ಕೂಗುವ ಯುಪಿಎಸ್‌ನ ಮುಂದೆ ದೇವರನ್ನು ನೆನೆಯಬೇಕಾಗಿಲ್ಲ. ಯಂತ್ರ ನಿಲ್ಲಿಸಿ, ಬಾಗಿಲಿಗೆ ಬೀಗ ಹಾಕಿ, ಕೊಡೆ ಹಿಡಿದು ಮನೆಗೆ ಹೋಗಬಹುದು. ಅರವತ್ತು ಮನೆಯವರ ಹಾಲಿನ ಲೆಕ್ಕವೂ ಮರುದಿನ ಬೆಳಿಗ್ಗೆ ಇದ್ದ ಹಾಗೆಯೇ ಸಿಗುತ್ತದೆ.